ಟೆಲಿಸ್ಕೋಪಿನಲ್ಲಿ ಸುಳಿ ಯಾಕೆ ಕಾಣಲಿಲ್ಲ?

ಪ್ರಶ್ನೆ: ಸರ್, ನಮ್ಮೂರು ದಾವಣಗೆರೆ. ಮಗಳು ಒಂಬತ್ತನೇ ಕ್ಲಾಸು. ಅವಳ ಹಟಕ್ಕೆ ಆರು ತಿಂಗಳ ಹಿಂದೆ 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ (ಬೆಳಕು ಹಿಡಿಯುವ ಕನ್ನಡಿ 8 ಇಂಚು ಅಗಲದ್ದು) ತರಿಸಿದೆ. ಚಂದ್ರ, ಗುರು, ಶನಿಯ ಬಳೆ ಎಲ್ಲಾ ಚೆನ್ನಾಗಿ ಕಂಡವು. ಹೋದ ವಾರ ತಾರಸಿ ಮೇಲೆ ಸುಳಿ ಗೆಲಾಕ್ಸಿ, ಅದೇ ಎಂ 51 ಅಂತಾರಲ್ಲ, ಅದನ್ನು ಹುಡುಕಿದೆವು. ಒಂದು ಗಂಟೆ ಒದ್ದಾಡಿದ ಮೇಲೆ ಸಿಕ್ಕಿದ್ದು ಗಾಜಿಗೆ ಕೊಳೆ ಅಂಟಿದ ಹಾಗಿನ ಒಂದು ಮಸುಕು ಮಚ್ಚೆ. ಮಗಳು "ಇಷ್ಟೇನಾ ಅಪ್ಪಾ?" ಅಂತ ಕೆಳಗೆ ಇಳಿದು ಹೋದಳು. ಫೋಟೋಗಳಲ್ಲಿ ಕಾಣುವ ಆ ಸುರುಳಿ, ಆ ಬಣ್ಣ ಎಲ್ಲಾ ಕಂಪ್ಯೂಟರಿನ ಕೈಚಳಕವೇ? ನಮ್ಮ ಟೆಲಿಸ್ಕೋಪಿನಲ್ಲೇ ದೋಷ ಇದೆಯೇ? ಇನ್ನೂ ದೊಡ್ಡದು ತಗೋಬೇಕಿತ್ತಾ?

ಉತ್ತರ: ಟೆಲಿಸ್ಕೋಪ್ ಸರಿಯಾಗಿಯೇ ಇದೆ. ಶನಿಯ ಬಳೆ ಚೆನ್ನಾಗಿ ಕಂಡಿತು ಅಂದಮೇಲೆ ಕನ್ನಡಿಯಲ್ಲಿ ತಪ್ಪು ಹುಡುಕುವುದು ಬೇಡ. ದೊಡ್ಡದು ತರಿಸುವ ಯೋಚನೆಯನ್ನೂ ಸದ್ಯಕ್ಕೆ ಬಿಡಿ. ನೀವು ಕೊಳೆ ಅಂದಿರಲ್ಲ, ಅದೇ ಸುಳಿ ಗೆಲಾಕ್ಸಿ, ದೂರದಲ್ಲಿರುವ ನಕ್ಷತ್ರಗಳ ಒಂದು ದೊಡ್ಡ ಗುಂಪು. ಹುಡುಕುವ ಕೆಲಸ ಮುಗಿದಿದೆ. ನೋಡುವ ಕೆಲಸ ಮಾತ್ರ ಇನ್ನೂ ಶುರುವಾಗಿಲ್ಲ.

"ಇಷ್ಟೇನಾ" ಅನ್ನುವ ಮಾತು ನನಗೆ ಹೊಸದಲ್ಲ. ಶಾಲೆಗಳಲ್ಲಿ ಆಕಾಶ ತೋರಿಸಲು ಹೋದಾಗೆಲ್ಲ ಕೇಳುತ್ತೇನೆ. ಚಂದ್ರ ನೋಡಿದವರು "ಅಯ್ಯೋ!" ಅಂತಾರೆ. ಶನಿ ನೋಡಿದವರು ಒಳಗೆ ಸ್ಟಿಕ್ಕರ್ ಅಂಟಿಸಿದ್ದೀರಾ ಅಂತ ಟೆಲಿಸ್ಕೋಪಿನ ಬಾಯಿಗೆ ಬಂದು ಇಣುಕುತ್ತಾರೆ. ಗೆಲಾಕ್ಸಿ ನೋಡಿದವರು ಮರ್ಯಾದೆಗೆ "ಹ್ಞಾಂ, ಕಾಣ್ತು" ಅಂತ ಜಾಗ ಬಿಡುತ್ತಾರೆ. ನಿಮ್ಮ ಮಗಳು ಸುಮ್ನೆ ತಲೆಯಾಡಿಸದೆ ನಿಜ ಹೇಳಿದ್ದಾಳೆ. ಅವಳನ್ನು ಮತ್ತೆ ಮೇಲೆ ಕರೆಯಿರಿ.

ಕರೆಯುವ ಮೊದಲು ಒಂದು ಕಥೆ ಹೇಳಿ. ಈ ಸುಳಿಯನ್ನು ಮೊದಲು ಕಂಡವನು ಫ್ರಾನ್ಸಿನ ಶಾರ್ಲ್ ಮೆಸ್ಯೇ, 1773ರ ಅಕ್ಟೋಬರ್ 13ರಂದು. ಅವನಿಗೆ ಬೇಕಾಗಿದ್ದುದು ಧೂಮಕೇತು. ಧೂಮಕೇತುವಿನ ಹಾಗೆ ಕಂಡು ಮೋಸ ಮಾಡುವ ಮಸುಕು ಮಚ್ಚೆಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಟ್ಟ. ಅದರಲ್ಲಿ ಇದು 51ನೆಯದು, ಅದಕ್ಕೇ ಮೆಸ್ಯೇ ಹೆಸರಿನ ಎಂ ಸೇರಿ ಎಂ 51. ಅವನಿಗೆ ಕಂಡದ್ದೂ ನೀವು ಕಂಡದ್ದೇ. 1781ರಲ್ಲಿ ಅವನ ಜೊತೆಗಾರ ಪಿಯೆರ್ ಮೆಶೆಂ ನೋಡಿ, ಇದು ಒಂದಲ್ಲ, ಎರಡು ಅಂತ ಗುರುತಿಸಿದ. ದೊಡ್ಡದರ ಪಕ್ಕದಲ್ಲೇ ಒಂದು ಚಿಕ್ಕದಿದೆ.

ನನಗೆ ಇಷ್ಟವಾದ ಭಾಗ ಬರುವುದು ಆಮೇಲೆ. ಇಂಗ್ಲೆಂಡಿನ ಜಾನ್ ಹರ್ಷೆಲ್ ಆ ಕಾಲಕ್ಕೆ ಆಕಾಶ ನೋಡುವುದರಲ್ಲಿ ಎತ್ತಿದ ಕೈ. ಅವರ ಟೆಲಿಸ್ಕೋಪಿನ ಕನ್ನಡಿ 18 ಇಂಚಿನದು, ನಿಮ್ಮದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಅಗಲ. ಅವರು ಈ ಗೆಲಾಕ್ಸಿಯನ್ನು ಚೆನ್ನಾಗಿ ನೋಡಿ ಚಿತ್ರ ಬರೆದು 1833ರಲ್ಲಿ ಪ್ರಕಟಿಸಿದರು. ಆ ಚಿತ್ರದಲ್ಲಿ ಸುರುಳಿ ಇಲ್ಲ! ನಡುವೆ ಒಂದು ಉಂಡೆ, ಅದರ ಸುತ್ತ ಒಂದು ಬಳೆ, ಆ ಬಳೆ ಒಂದು ಕಡೆ ಸೀಳಿ ಎರಡಾಗಿದೆ, ಅಷ್ಟೇ. ಹರ್ಷೆಲ್ ಅವರಂಥವರ ಕಣ್ಣೆದುರೇ ಸುರುಳಿ ಇತ್ತು, ಅವರಿಗೆ ಕಂಡದ್ದು ಸೀಳಿದ ಬಳೆ.

ಹನ್ನೆರಡು ವರ್ಷ ಬಿಟ್ಟು, 1845ರ ಏಪ್ರಿಲ್‌ನಲ್ಲಿ, ಐರ್ಲೆಂಡಿನ ಬರ್ ಎಂಬ ಊರಿನಲ್ಲಿ ಸುರುಳಿ ಕಣ್ಣಿಗೆ ಬಿತ್ತು. ಅಲ್ಲಿನ ಜಮೀನ್ದಾರರು ವಿಲಿಯಂ ಪಾರ್ಸನ್ಸ್, ಎಲ್ಲರೂ ಕರೆಯುವುದು ಲಾರ್ಡ್ ರಾಸ್ ಅಂತ. ತಮ್ಮ ಕೋಟೆಮನೆಯ ಅಂಗಳದಲ್ಲೇ 72 ಇಂಚಿನ, ಅಂದರೆ ಆರಡಿ ಅಗಲದ ಕನ್ನಡಿ ಎರಕ ಹೊಯ್ಯಿಸಿದರು. ಗಾಜಿನದ್ದಲ್ಲ, ಲೋಹದ್ದು. ತಾಮ್ರಕ್ಕೆ ತವರ ಬೆರೆಸಿದ್ದು, ನಮ್ಮ ದೇವಸ್ಥಾನದ ಗಂಟೆಯ ಕಂಚಿಗೆ ಹತ್ತಿರದ ನೆಂಟ ಅನ್ನಿ. ಕುಲುಮೆಗೆ ಉರುವಲು ಅಲ್ಲಿನ ಜೌಗು ನೆಲದಿಂದ ಅಗೆದು ಒಣಗಿಸಿದ ಪೀಟ್. ಕನ್ನಡಿಯದೇ ತೂಕ ಸುಮಾರು ಮೂರು ಟನ್. ಹದಿನಾರು ಮೀಟರ್ ಉದ್ದದ ಕೊಳವೆಯನ್ನು ಎರಡು ದೊಡ್ಡ ಕಲ್ಲಿನ ಗೋಡೆಗಳ ನಡುವೆ ಸರಪಳಿಯಲ್ಲಿ ತೂಗುಹಾಕಿದ್ದರು. ಮೇಲೆ ಕೆಳಗೆ ಆಡಿಸಬಹುದು, ಪಕ್ಕಕ್ಕೆ ತಿರುಗಿಸಬೇಕೆಂದರೆ ಸ್ವಲ್ಪವೇ. ಮೇಲಾಗಿ ಐರ್ಲೆಂಡಿನ ಆಕಾಶ. ನಮ್ಮ ಆಗುಂಬೆಯಲ್ಲಿ ಆಷಾಢದಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡು ಕೂತ ಹಾಗೆ.

ಅಷ್ಟೆಲ್ಲಾ ಮಾಡಿ, ಮೋಡ ಬಿಟ್ಟ ರಾತ್ರಿಗಳಲ್ಲಿ ಏಣಿಯ ಮೇಲೆ ನಿಂತು ನೋಡಿ, ರಾಸ್ ಸೀಸದಕಡ್ಡಿಯಲ್ಲಿ ಬರೆದದ್ದು ಸುತ್ತಿಕೊಂಡ ತೋಳುಗಳ ಚಿತ್ರ. ಅದೇ ವರ್ಷ ಜೂನ್‌ನಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಆ ಚಿತ್ರ ಕೈಯಿಂದ ಕೈಗೆ ಹೋಯಿತು. ಆ ಸಭೆಯ ಅಧ್ಯಕ್ಷರು ಯಾರು ಗೊತ್ತಾ? ಇದೇ ಜಾನ್ ಹರ್ಷೆಲ್. ತಾವು ಬಳೆ ಅಂದುಕೊಂಡದ್ದು ಸುರುಳಿ ಅಂತ ಅವತ್ತು ಗೊತ್ತಾಯಿತು. ಆ ವರ್ಷ ಕೊನೆಯಾಗುವ ಹೊತ್ತಿಗೆ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಕ್ಷಾಮ ಶುರುವಾಯಿತು. ರಾಸ್ ನೋಡುವುದನ್ನು ನಿಲ್ಲಿಸಿ ಒಕ್ಕಲುಗಳ ಕಡೆ ಗಮನ ಕೊಡಬೇಕಾಯಿತು. ಆ ದೈತ್ಯ ಟೆಲಿಸ್ಕೋಪ್ ಮಾತ್ರ 1917ರವರೆಗೂ ಜಗತ್ತಿನಲ್ಲೇ ದೊಡ್ಡದಾಗಿ ಉಳಿಯಿತು.

ಇಷ್ಟುದ್ದ ಯಾಕೆ ಹೇಳಿದೆ ಅಂದರೆ, ಈಗ ನಿಮ್ಮ ಹಾಗೆ 8 ಇಂಚು ಇಟ್ಟುಕೊಂಡ ಹವ್ಯಾಸಿಗಳು ಕತ್ತಲ ಊರಿಗೆ ಹೋಗಿ ಕೂತು ಆ ತೋಳುಗಳ ಸುಳಿವು ಹಿಡಿಯುತ್ತಾರೆ. 12 ಇಂಚು ಇದ್ದರೆ ಸುರುಳಿಯೇ ಕಾಣುತ್ತದೆ. 18 ಇಂಚಿನಲ್ಲಿ ಹರ್ಷೆಲ್ ಅವರಿಗೆ ಕಾಣದ್ದು ಇದು. ಇವತ್ತಿನ ಕನ್ನಡಿ ಒಳ್ಳೆಯದು, ಅದು ನಿಜ. ಹಳೆಯ ಲೋಹದ ಕನ್ನಡಿ ಹೊಸದರಲ್ಲೇ ಮೂರರಲ್ಲಿ ಎರಡು ಪಾಲು ಬೆಳಕನ್ನಷ್ಟೇ ಹಿಂದಕ್ಕೆ ಕಳಿಸುತ್ತಿತ್ತು, ಬೇಗ ಮಂಕಾಗುತ್ತಿತ್ತು. ಆದರೆ ನನ್ನ ಪ್ರಕಾರ ಇನ್ನೊಂದು ಕಾರಣವೂ ಇದೆ. ಅಲ್ಲಿ ಏನಿದೆ ಅಂತ ನಮಗೆ ಮೊದಲೇ ಗೊತ್ತು. ಎಲ್ಲಿ ನೋಡಬೇಕು ಅಂತ ಗೊತ್ತಿರುವ ಕಣ್ಣು ಬೇರೆ, ಗೊತ್ತಿಲ್ಲದ ಕಣ್ಣು ಬೇರೆ.

ಈಗ ಮಸುಕಿನ ವಿಷಯಕ್ಕೆ ಬರೋಣ. ನಿಮಗೆ ಹೇಳುವುದು ಸುಲಭ, ಯಾಕೆಂದರೆ ನೀವು ದಾವಣಗೆರೆಯವರು. ಬೆಣ್ಣೆ ದೋಸೆಯ ಲೆಕ್ಕ ಇದು. ಕಗ್ಗತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಅರಳಿದರೆ ಹೆಚ್ಚೆಂದರೆ 7 ಮಿಲಿಮೀಟರ್. ನಿಮ್ಮ ಕನ್ನಡಿ 200 ಮಿಲಿಮೀಟರ್. ಹಾಗಾಗಿ ಅದು ಕಣ್ಣಿಗಿಂತ ಸುಮಾರು 800 ಪಟ್ಟು ಬೆಳಕು ಹಿಡಿಯುತ್ತದೆ. ಬೆಣ್ಣೆ ಸಿಕ್ಕಾಪಟ್ಟೆ ಬಂತು. ಆದರೆ ಟೆಲಿಸ್ಕೋಪ್ ದೋಸೆಯನ್ನೂ ದೊಡ್ಡದು ಮಾಡುತ್ತದಲ್ಲ? ಬಂದ ಬೆಣ್ಣೆಯೆಲ್ಲ ಆ ಅಗಲಕ್ಕೆ ಹರಡಬೇಕು. ಕೊನೆಗೆ ಒಂದೊಂದು ತುತ್ತಿಗೆ ಸಿಗುವ ಬೆಣ್ಣೆ ಬರಿಗಣ್ಣಿಗೆ ಸಿಕ್ಕಷ್ಟೇ, ಇಲ್ಲವೇ ಅದಕ್ಕಿಂತ ಕಡಿಮೆ. ಇದನ್ನು ಯಾವ ಟೆಲಿಸ್ಕೋಪೂ ಮೀರಲಾರದು. ನಕ್ಷತ್ರಕ್ಕೆ ಈ ಕಷ್ಟ ಇಲ್ಲ. ಅದು ಎಷ್ಟು ದೊಡ್ಡದು ಮಾಡಿದರೂ ಚುಕ್ಕಿಯೇ, ಬೆಣ್ಣೆಯೆಲ್ಲ ಒಂದೇ ಚುಕ್ಕಿಗೆ. ಗೆಲಾಕ್ಸಿ ಹಾಗಲ್ಲ, ಅಗಲವಾದ ವಸ್ತು. ಹಾಗಾಗಿ ಅದು ದೊಡ್ಡದಾಗಿ ಕಾಣುತ್ತದೆಯೇ ಹೊರತು ಝಗ್ ಅಂತ ಹೊಳೆಯುವುದಿಲ್ಲ.

ದೊಡ್ಡದಾಗಿ ಅಂದೆ, ಎಷ್ಟು ದೊಡ್ಡದು ಅಂತಲೂ ಕೇಳಿ. ಆಕಾಶದಲ್ಲಿ ಎಂ 51ರ ಉದ್ದ ಹುಣ್ಣಿಮೆ ಚಂದ್ರನ ಮೂರರಲ್ಲಿ ಒಂದು ಪಾಲು. ನಿಮ್ಮ ಟೆಲಿಸ್ಕೋಪಿನ ಫೋಕಲ್ ಲೆಂತ್ (ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕೆ ಇರುವ ದೂರ) 1200 ಮಿಲಿಮೀಟರ್ ಇರಬಹುದು, 8 ಇಂಚಿನ ಡಾಬ್ಸೋನಿಯನ್‌ಗಳಲ್ಲಿ ಸಾಮಾನ್ಯವಾಗಿ ಅಷ್ಟೇ. ಕಣ್ಣಿಡುವ ಮಸೂರಕ್ಕೆ ಐಪೀಸ್ ಅಂತಾರೆ. 25 ಮಿಲಿಮೀಟರ್ ಐಪೀಸ್ ಹಾಕಿದರೆ 1200ನ್ನು 25ರಿಂದ ಭಾಗಿಸಿ, 48 ಪಟ್ಟು ದೊಡ್ಡದು. ಅಲ್ಲಿಗೆ ಗೆಲಾಕ್ಸಿ ಕೈ ಚಾಚಿ ಹಿಡಿದ ಮುಷ್ಟಿಯ ಅಗಲಕ್ಕೆ ಹತ್ತಿರ ಬರಬೇಕು. ನಿಮಗೆ ಅಷ್ಟು ದೊಡ್ಡದು ಕಂಡಿತೇ? ಇಲ್ಲ, ಅಲ್ವಾ? ನಡುವಿನ ಗಟ್ಟಿ ತಿರುಳು ಮಾತ್ರ ಕಂಡಿದೆ. ಸುರುಳಿ ಇರುವ ಹೊರಭಾಗವನ್ನು ಊರಿನ ಬೆಳಕು ನುಂಗಿಹಾಕಿದೆ.

ಬೀದಿದೀಪ, ಹೈಮಾಸ್ಟ್, ಕಲ್ಯಾಣ ಮಂಟಪದ ಫೋಕಸ್ ಲೈಟು, ಎಲ್ಲಾ ಸೇರಿ ಆಕಾಶಕ್ಕೇ ಸುಣ್ಣ ಹೊಡೆದ ಹಾಗೆ ಆಗಿರುತ್ತದೆ. ಗೆಲಾಕ್ಸಿಯ ತೋಳುಗಳ ಹೊಳಪು ಆ ಸುಣ್ಣಕ್ಕಿಂತ ಕಡಿಮೆ. ಇದಕ್ಕೆ ಫಿಲ್ಟರ್ ಇದೆ ಅಂತ ಅಂಗಡಿಯವರು ಹೇಳಬಹುದು. ಗೆಲಾಕ್ಸಿ ಅಂದರೆ ನಕ್ಷತ್ರಗಳ ಬೆಳಕು, ಎಲ್ಲಾ ಬಣ್ಣವೂ ಬೆರೆತದ್ದು. ಅದನ್ನು ಮಾತ್ರ ಒಳಗೆ ಬಿಟ್ಟು ಊರಿನ ಬೆಳಕನ್ನು ಪೂರ್ತಿ ಹೊರಗಿಡುವ ಫಿಲ್ಟರ್ ಇಲ್ಲ. ಆ ದುಡ್ಡನ್ನು ಪೆಟ್ರೋಲಿಗೆ ಹಾಕಿ. ಚಿತ್ರದುರ್ಗದ ಕಡೆಯೋ ಜಗಳೂರಿನ ಕಡೆಯೋ ನಲವತ್ತು ಐವತ್ತು ಕಿಲೋಮೀಟರ್ ಹೋಗಿ, ಗೊತ್ತಿದ್ದವರ ಹೊಲ ಹಿಡಿಯಿರಿ. ಅಮಾವಾಸ್ಯೆಯ ಆಸುಪಾಸು ಹೋಗಿ. ಬೇಸಿಗೆಯಲ್ಲಿ ಗಾಳಿಯ ತುಂಬ ಧೂಳಿರುತ್ತದೆ. ಸಂಜೆ ಒಂದು ಅಡ್ಡಮಳೆ ಬಿದ್ದು ರಾತ್ರಿ ಮೋಡ ಒಡೆದರೆ ಮಾತ್ರ ಬಿಡಬೇಡಿ. ತೊಳೆದಿಟ್ಟ ಆಕಾಶ ಅದು.

ನಾನು ಮೊದಲ ಸಲ ತೋಳು ಕಂಡದ್ದು ಹಿರಿಯೂರಿನ ಹತ್ತಿರದ ಒಂದು ಹೊಲದ ಬದುವಿನಲ್ಲಿ. ಅದಕ್ಕೆ ಮೊದಲು ಬೆಂಗಳೂರಿನ ತಾರಸಿಯಿಂದ ಎರಡು ವರ್ಷ ಬರೀ ಎರಡು ಮಸುಕು ಚುಕ್ಕಿ ನೋಡಿ, ಪುಸ್ತಕದವರು ಉತ್ಪ್ರೇಕ್ಷೆ ಮಾಡುತ್ತಾರೆ ಅಂತ ತೀರ್ಮಾನಿಸಿದ್ದೆ. ಅವತ್ತು ಟೆಲಿಸ್ಕೋಪ್ ಜೋಡಿಸಿ ಕಣ್ಣು ಕತ್ತಲಿಗೆ ಹೊಂದಲಿ ಅಂತ ಕಾಯುತ್ತಿದ್ದೆ. ಪಕ್ಕದ ಹೊಲದ ಅಜ್ಜ ಮುಖಕ್ಕೇ ಟಾರ್ಚ್ ಬಿಟ್ಟುಕೊಂಡು ಬಂದರು. "ಯಾರಪ್ಪಾ ಅದು? ಬೋರ್‌ವೆಲ್ ಪಾಯಿಂಟ್ ನೋಡಾಕೆ ಬಂದೀರಾ?" ಅರ್ಧ ಗಂಟೆಯ ತಪಸ್ಸು ಹಾಳಾಯಿತು. ಆಕಾಶ ನೋಡೋಕೆ ಬಂದಿದ್ದೀವಿ ಅಂದೆ. ಮೇಲೆ ಏನಿದೆ ಅಂದರು. ಸುಳಿ ಇದೆ ಅಂದೆ.

ಸುಳಿ ಅಂದದ್ದೇ ಅವರಿಗೆ ಆಸಕ್ತಿ ಬಂತು. ಅಜ್ಜ ಬದುಕೆಲ್ಲ ಎತ್ತು ವ್ಯಾಪಾರ ಮಾಡಿದವರು. ದನದ ಜಾತ್ರೆಯಲ್ಲಿ ಎತ್ತಿನ ಮೈಮೇಲಿನ ಸುಳಿ ನೋಡದೆ ಯಾರೂ ವ್ಯಾಪಾರ ಕುದುರಿಸುವುದಿಲ್ಲ. ಟಾರ್ಚ್ ಆರಿಸಿ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತರು. ಇಪ್ಪತ್ತು ನಿಮಿಷ ಅವರ ಎತ್ತುಗಳ ಕಥೆ ಕೇಳಿದೆ. ಆಮೇಲೆ ಐಪೀಸಿಗೆ ಕಣ್ಣಿಟ್ಟರು. ಶಾಲೆಯ ಮಕ್ಕಳಿಗೂ ಅವರಿಗೂ ಇದ್ದ ವ್ಯತ್ಯಾಸ ಅಲ್ಲೇ ಕಂಡಿತು. ಮಕ್ಕಳು ಮೂರು ಸೆಕೆಂಡ್ ನೋಡಿ ಏಳುತ್ತಾರೆ. ಅಜ್ಜ ಏಳಲೇ ಇಲ್ಲ. ಎತ್ತನ್ನು ನೋಡಿದ ಹಾಗೆ ಆ ಕಡೆಯಿಂದ ಈ ಕಡೆಯಿಂದ ನೋಡಿದರು. "ಎರಡು ಐದಾವೆ. ಒಂದು ದೊಡ್ಡದು, ಒಂದು ಕರ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ದೊಡ್ಡದರ ಸುತ್ತ ಹೊಗೆ ಐತೆ." ಸುಳಿ ಕಂಡಿತಾ ಅಂದೆ. "ಎತ್ತಿಗಾದ್ರೆ ಕೈಯಾಡಿಸಿ ಹೇಳ್ತಿದ್ದೆ" ಅಂದು ಎದ್ದರು. ಸುಳಿ ಕಾಣದಿದ್ದರೂ ಆ ಹೊಗೆ ನನ್ನ ಬೆಂಗಳೂರಿನ ತಾರಸಿಗೆ ಎರಡು ವರ್ಷವೂ ಸಿಕ್ಕಿರಲಿಲ್ಲ. ಅವರು ಹೋದಮೇಲೆ ನಾನೂ ಅವರ ಹಾಗೇ ಕೂತು ನೋಡಿದೆ.

ಹಾಗಾದರೆ ಹೇಗೆ ಕೂರಬೇಕು, ಹೇಗೆ ನೋಡಬೇಕು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಜಾಗ. ಮೇ ಕೊನೆಯ ಹೊತ್ತಿಗೆ ರಾತ್ರಿ ಒಂಬತ್ತರ ಸುಮಾರಿಗೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಏಪ್ರಿಲ್ ನಡುವಿನಲ್ಲಾದರೆ ನಡುರಾತ್ರಿ. ಸಪ್ತರ್ಷಿ ಮಂಡಲ ಬೋರಲು ಬಿದ್ದ ಸೌಟಿನ ಹಾಗೆ ಕಾಣುತ್ತದೆ. ಬಲಕ್ಕೆ ಸೌಟಿನ ಹಿಡಿ. ಹಿಡಿಯಲ್ಲಿ ವಸಿಷ್ಠ, ಅವನ ಪಕ್ಕಕ್ಕೆ ಅಂಟಿಕೊಂಡ ಅರುಂಧತಿ. ಮದುವೆಯಲ್ಲಿ ಪುರೋಹಿತರು ಹಗಲು ಹೊತ್ತಿನಲ್ಲೇ ತೋರಿಸಿ, ನೀವು "ಕಂಡಿತು" ಅಂದಿದ್ದಿರಲ್ಲ, ಅದೇ ಅರುಂಧತಿ. ಈಗ ನಿಜವಾಗಿ ನೋಡಿಬಿಡಿ. ಹಿಡಿಯ ತುತ್ತತುದಿಯ ನಕ್ಷತ್ರ ಮರೀಚಿ. ಅಲ್ಲಿಂದ ಎಡಕ್ಕೆ ಮೂರು ಡಿಗ್ರಿ, ಮೇಲಕ್ಕೆ ಎರಡು ಡಿಗ್ರಿ. ಕೈ ಚಾಚಿದರೆ ಎರಡು ಬೆರಳಿನ ಅಗಲ. ಫೈಂಡರಿನಲ್ಲಿ (ಗುರಿ ಹಿಡಿಯಲು ಟೆಲಿಸ್ಕೋಪಿಗೆ ಅಂಟಿಸಿರುವ ಪುಟ್ಟ ದುರ್ಬೀನು) ಎಲ್ಲಾ ತಲೆಕೆಳಗಾಗಿ ಕಾಣಬಹುದು, ಅಲ್ಲಿ ಗೊಂದಲ ಆದರೆ ಗಾಬರಿ ಬೇಡ. ನೀವು ಒಮ್ಮೆ ಹುಡುಕಿದ್ದೀರಿ, ಎರಡನೇ ಸಲ ಒಂದು ಗಂಟೆ ಹಿಡಿಯುವುದಿಲ್ಲ.

ಟೆಲಿಸ್ಕೋಪನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ, ಕನ್ನಡಿ ಗಾಳಿಯ ಬಿಸಿಗೆ ಹೊಂದಲಿ. ನಿಮ್ಮ ಕಣ್ಣಿಗೂ ಅಷ್ಟೇ ಹೊತ್ತು ಬೇಕು. ಪಾಪೆ ಅರಳುವುದು ಕೆಲವೇ ಸೆಕೆಂಡಿನ ಕೆಲಸ. ಆದರೆ ಕಣ್ಣಿನ ಒಳಗೋಡೆಯಲ್ಲಿ ಕತ್ತಲಲ್ಲಿ ಕೆಲಸ ಮಾಡುವ ರಾಡ್ ಎಂಬ ಕೋಶಗಳಿವೆ. ಅವುಗಳಲ್ಲಿ ಬೆಳಕು ಹಿಡಿಯುವ ರಸಾಯನ ತುಂಬಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದು ಸಲ ಮೊಬೈಲ್ ನೋಡಿದಿರೋ, ಮತ್ತೆ ಮೊದಲಿನಿಂದ. ಸ್ಕೈ ಆ್ಯಪ್ ನೋಡಲೇಬೇಕು ಅಂದರೆ ಪರದೆಯನ್ನು ಕೆಂಪು ಮಾಡಿಟ್ಟುಕೊಳ್ಳಿ, ರಾಡ್‌ಗಳಿಗೆ ಕೆಂಪು ಹೆಚ್ಚು ತಾಗುವುದಿಲ್ಲ. ಟಾರ್ಚಿಗೆ ಕೆಂಪು ಜೆಲಟಿನ್ ಕಾಗದ ಎರಡು ಪದರ ಸುತ್ತಿದರೂ ಸಾಕು.

ಈಗ ಕಣ್ಣಿಡಿ. ಮೊದಲು 25ರ ಐಪೀಸ್. ಎರಡು ಮಸುಕು ಚುಕ್ಕಿ ಸಿಗುತ್ತವೆ. ಅವುಗಳನ್ನೇ ದಿಟ್ಟಿಸಬೇಡಿ. ದಿಟ್ಟಿಸಿದರೆ ಮಾಯವಾಗುತ್ತವೆ. ಕಣ್ಣಿನ ನಟ್ಟನಡುವೆ ರಾಡ್‌ಗಳೇ ಇಲ್ಲ, ಅಲ್ಲಿರುವುದು ಹಗಲು ಕೆಲಸ ಮಾಡುವ ಕೋನ್ ಕೋಶಗಳು. ರಾಡ್‌ಗಳು ಪಕ್ಕಕ್ಕೆ ದಟ್ಟವಾಗಿವೆ. ಆದ್ದರಿಂದ ನೋಟವನ್ನು ಗೆಲಾಕ್ಸಿಯಿಂದ ಸ್ವಲ್ಪ ಆಚೆಗೆ ಇಟ್ಟು, ಗಮನವನ್ನು ಮಾತ್ರ ಗೆಲಾಕ್ಸಿಯ ಮೇಲೆ ಇಡಬೇಕು. ಇದಕ್ಕೆ ನಮ್ಮಲ್ಲಿ ಚೆಂದದ ಮಾತೇ ಇದೆ, ಓರೆಗಣ್ಣು. ಮದುವೆಮನೆಯಲ್ಲಿ ಯಾರನ್ನೋ ನೋಡದ ಹಾಗೆ ನೋಡುತ್ತಾರಲ್ಲ, ಹಾಗೆ. ಓರೆಗಣ್ಣಿಗೆ ಮಚ್ಚೆ ತಟ್ಟನೆ ಊದಿಕೊಳ್ಳುತ್ತದೆ. ನೇರ ನೋಡಿದರೆ ಕುಗ್ಗುತ್ತದೆ. ಇದನ್ನೇ ನಾಲ್ಕೈದು ಸಲ ಮಾಡಿ. ನಿಮ್ಮ ಮಗಳಿಗೆ ಈ ಆಟ ಖಂಡಿತ ಹಿಡಿಸುತ್ತದೆ.

ಆಮೇಲೆ 12 ಅಥವಾ 10ರ ಐಪೀಸ್ ಹಾಕಿ, ನೂರು ಪಟ್ಟಿನ ಆಸುಪಾಸಿಗೆ ಬನ್ನಿ. ಹೊಳಪು ತಗ್ಗುತ್ತದೆ. ಆದರೂ ಮಸುಕಾದ ವಸ್ತು ದೊಡ್ಡದಾದಷ್ಟೂ ಕಣ್ಣಿಗೆ ಅದರ ಏರಿಳಿತ ಹಿಡಿಯುವುದು ಸುಲಭ. ಸಣ್ಣ ಅಕ್ಷರ ಮಬ್ಬಿನಲ್ಲಿ ಓದಲಾಗದು, ದೊಡ್ಡ ಅಕ್ಷರ ಓದಬಹುದು, ಹಾಗೆ. ಪೆಟ್ಟಿಗೆಯ ಮೇಲೆ 400 ಪಟ್ಟು ಅಂತ ಬರೆದಿದ್ದರೆ ಅದನ್ನು ಮರೆತುಬಿಡಿ.

ಮೊದಲ ಐದು ನಿಮಿಷದಲ್ಲಿ ದೊಡ್ಡ ತಿರುಳಿನ ಸುತ್ತ ಹೊಗೆ ಬರುತ್ತದೆ, ಅಜ್ಜ ಹೇಳಿದ ಹೊಗೆ. ಹತ್ತು ನಿಮಿಷಕ್ಕೆ ಆ ಹೊಗೆ ಎಲ್ಲಾ ಕಡೆ ಒಂದೇ ಸಮ ಇಲ್ಲ ಅನ್ನಿಸುತ್ತದೆ. ತಿರುಳಿಗೂ ಹೊರಗಿನ ಹೊಗೆಗೂ ನಡುವೆ ಸ್ವಲ್ಪ ಕಪ್ಪಗಿನ ಜಾಗ. ಅಲ್ಲಿಗೆ ನೀವು ಹರ್ಷೆಲ್ ಅವರ ಬಳೆಗೆ ಬಂದಿರಿ. ಇನ್ನೂ ಕೂತಿರಿ. ಗಾಳಿ ಯಾವಾಗಲೂ ಅಲ್ಲಾಡುತ್ತಿರುತ್ತದೆ, ಒಂದೊಂದು ಸಲ ಒಂದೆರಡು ಸೆಕೆಂಡ್ ನಿಲ್ಲುತ್ತದೆ. ಆ ಕ್ಷಣದಲ್ಲಿ ಬಳೆಯ ಒಂದು ಕಡೆ ಒಳಕ್ಕೆ ಬಾಗಿ ತಿರುಳಿನ ಕಡೆ ಹೋದ ಹಾಗೆ ಕಾಣುತ್ತದೆ. ಕಂಡಿತು ಅನ್ನುವಷ್ಟರಲ್ಲಿ ಹೋಗಿರುತ್ತದೆ. ಹಿರಿಯೂರಿನಲ್ಲಿ ನನಗೆ ಅದು ಮೂರು ಸಲ ಹಾಗೆ ಬಂದು ಹೋಯಿತು. ಮೂರನೇ ಸಲಕ್ಕೆ ಕತ್ತಿನ ಹಿಂದೆ ಕೂದಲು ನಿಮಿರಿದ್ದು ನೆನಪಿದೆ. ಬೆಳಗಿನ ಜಾವದ ಇಬ್ಬನಿಗೂ ಇರಬಹುದು ಬಿಡಿ.

ಆ ಬಾಗು ನಿಜವಾಗಿ ಏನು? ಸುರುಳಿ ತೋಳು ಅಂದರೆ ನಕ್ಷತ್ರಗಳನ್ನು ಪೋಣಿಸಿದ ಹಗ್ಗ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಗ್ಗ ಆಗಿದ್ದರೆ ಎಂದೋ ಸುತ್ತಿ ಸುತ್ತಿ ಗಂಟಾಗುತ್ತಿತ್ತು. ಒಳಗಿನ ನಕ್ಷತ್ರ ಬೇಗ ಒಂದು ಸುತ್ತು ಮುಗಿಸುತ್ತದೆ, ಹೊರಗಿನದು ನಿಧಾನ. ನಮ್ಮ ಸೂರ್ಯನೇ ಆಕಾಶಗಂಗೆಯನ್ನು ಸುತ್ತಲು ಸುಮಾರು 23 ಕೋಟಿ ವರ್ಷ ತಗೊಳ್ಳುತ್ತಾನೆ, ಹುಟ್ಟಿದಾಗಿನಿಂದ ಇಪ್ಪತ್ತು ಸುತ್ತು ಹಾಕಿದ್ದಾನೆ. ಇಪ್ಪತ್ತು ಸುತ್ತಿಗೆ ಯಾವ ತೋಳೂ ಉಳಿಯುವುದಿಲ್ಲ. ಈ ಒಗಟಿಗೆ 1964ರಲ್ಲಿ ಸಿ. ಸಿ. ಲಿನ್ ಮತ್ತು ಫ್ರಾಂಕ್ ಶು ಎಂಬ ವಿಜ್ಞಾನಿಗಳು ಒಂದು ಉತ್ತರ ಕೊಟ್ಟರು. ಅದನ್ನು ಅರ್ಥ ಮಾಡಿಕೊಳ್ಳಲು ಕಬ್ಬಿನ ಟ್ರಾಕ್ಟರ್ ಸಾಕು. ಎರಡು ಟ್ರೈಲರ್ ತುಂಬ ಕಬ್ಬು ಹೇರಿಕೊಂಡು ಟ್ರಾಕ್ಟರ್ ರಸ್ತೆಯಲ್ಲಿ ತೆವಳುತ್ತಿರುತ್ತದೆ. ಹಿಂದೆ ಬಸ್ಸು, ಕಾರು, ಬೈಕು ಗುಂಪಾಗುತ್ತವೆ. ಒಂದೊಂದೇ ದಾಟಿ ಮುಂದೆ ಹೋಗುತ್ತದೆ, ಹಿಂದಿನಿಂದ ಹೊಸದು ಬಂದು ಸೇರುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೂ ಗುಂಪು ಇದೆ, ಒಳಗಿನ ಗಾಡಿಗಳು ಮಾತ್ರ ಬೇರೆ. ತೋಳು ಅಂಥ ಗುಂಪು. ನಕ್ಷತ್ರಗಳೂ ಅನಿಲವೂ ಒಳಗೆ ಬಂದು, ನಿಧಾನವಾಗಿ, ಆಚೆ ಹೋಗುತ್ತವೆ. ಆ ಇಕ್ಕಟ್ಟಿನಲ್ಲಿ ಅನಿಲ ಒತ್ತಿಕೊಂಡು ಹೊಸ ನಕ್ಷತ್ರ ಹುಟ್ಟುತ್ತವೆ. ಹುಟ್ಟಿದವುಗಳಲ್ಲಿ ಭಾರಿ ಗಾತ್ರದ ನೀಲಿ ನಕ್ಷತ್ರಗಳು ಅತಿ ಹೊಳಪು, ಅಲ್ಪಾಯುಷ್ಯ. ತೋಳು ದಾಟುವ ಮೊದಲೇ ಸಾಯುತ್ತವೆ. ಅದಕ್ಕೇ ತೋಳು ಹೊಳೆಯುವುದು.

ಎಂ 51ರಲ್ಲಿ ಇನ್ನೊಂದು ಪಾತ್ರವೂ ಇದೆ. ಪಕ್ಕದ ಕರು, ಅಂದರೆ ಆ ಚಿಕ್ಕ ಗೆಲಾಕ್ಸಿ, ಪಟ್ಟಿಯಲ್ಲಿನ ಹೆಸರು ಎನ್‌ಜಿಸಿ 5195. ಅದು ದೊಡ್ಡದರ ಹತ್ತಿರ ಹಾದುಹೋಗುವಾಗ ಎಳೆದ ಎಳೆತಕ್ಕೆ ತೋಳುಗಳು ಅಷ್ಟು ಎದ್ದು ಕಾಣುವ ಹಾಗೆ ಆಗಿವೆ. 1972ರಲ್ಲಿ ಟೂಮ್ರೆ ಎಂಬ ವಿಜ್ಞಾನಿ ಸಹೋದರರು ಕಂಪ್ಯೂಟರಿನಲ್ಲಿ ಎರಡು ಗೆಲಾಕ್ಸಿಗಳನ್ನು ಹಾಗೆ ಹಾಯಿಸಿ, ಇಂಥದೇ ತೋಳು ಬರುವುದನ್ನು ತೋರಿಸಿದರು. ಚಿತ್ರದಲ್ಲಿ ತೋಳಿನ ತುದಿ ಚಿಕ್ಕದನ್ನು ಹಿಡಿದ ಹಾಗೆ ಕಂಡರೂ ಚಿಕ್ಕದು ಸ್ವಲ್ಪ ಹಿಂದಿದೆ, ದೊಡ್ಡದರ ತೋಳಿನ ಧೂಳು ಅದರ ಮುಂದೆ ಹಾದಿದೆ.

ಅಲ್ಪಾಯುಷಿಗಳ ಸಾವನ್ನು ನಾವು ಕಂಡೂ ಇದ್ದೇವೆ. ಈ ಒಂದೇ ಗೆಲಾಕ್ಸಿಯಲ್ಲಿ 1994, 2005, 2011ರಲ್ಲಿ ಮೂರು ಸೂಪರ್‌ನೋವಾ ಕಂಡವು, ಅಂದರೆ ಸಾಯುತ್ತಿದ್ದ ದೊಡ್ಡ ನಕ್ಷತ್ರಗಳ ಸ್ಫೋಟಗಳು. 2011ರದ್ದು ಹವ್ಯಾಸಿಗಳ ಕಣ್ಣಿಗೇ ಮೊದಲು ಬಿತ್ತು, 8 ಇಂಚಿಗೂ ಎಟುಕುವಂಥದು. ಆದರೆ ಬಂದದ್ದು ಜೂನ್‌ಗೆ ಕಾಲಿಡುವಾಗ! ನಾಲ್ಕು ರಾತ್ರಿ ಮೋಡದ ಜೊತೆ ಜಗಳ ಆಡಿದೆ. ಕೊನೆಗೂ ನನಗೆ ಕಾಣಲಿಲ್ಲ. ಈ ಹೊಟ್ಟೆಯುರಿ ಇನ್ನೂ ಆರಿಲ್ಲ. ಸಿಡಿದದ್ದು ಅವತ್ತಲ್ಲ ಅನ್ನುವುದು ಬೇರೆ ಮಾತು. ಎಂ 51 ನಮ್ಮಿಂದ ಸುಮಾರು 3 ಕೋಟಿ ಜ್ಯೋತಿರ್ವರ್ಷ ದೂರ, ಅಂದರೆ ಅದರ ಬೆಳಕು ಇಲ್ಲಿಗೆ ಬರಲು ಅಷ್ಟು ವರ್ಷ ಬೇಕು. ನಿಮ್ಮ ತಾರಸಿಗೆ ಬಂದು ಬಿದ್ದ ಬೆಳಕು ಹೊರಟಾಗ ಭೂಮಿಯ ಮೇಲೆ ಮನುಷ್ಯರಿರಲಿಲ್ಲ, ಹಿಮಾಲಯ ಇನ್ನೂ ಏಳುತ್ತಿತ್ತು. ಅಷ್ಟು ದೂರ ಬಂದದ್ದು ನಿಮ್ಮ ಮಗಳ ಕಣ್ಣಿನ ಒಳಗೆ ಮುಗಿಯಿತು. ಫೋಟೋ ನೋಡಿದಾಗ ಕಣ್ಣಿಗೆ ಬೀಳುವುದು ಮೊಬೈಲ್ ಪರದೆಯ ಬೆಳಕು. ಈ ಒಂದು ಲೆಕ್ಕದಲ್ಲಿ ನಿಮ್ಮ ಕೊಳೆ ಮಚ್ಚೆಯೇ ನನಗೆ ಫೋಟೋಗಿಂತ ಮೇಲು.

ಹಾಗಂತ ಫೋಟೋ ಸುಳ್ಳಲ್ಲ. ಕಣ್ಣು ಸೆಕೆಂಡಿನ ಸಣ್ಣ ಪಾಲಿನಷ್ಟು ಹೊತ್ತು ಮಾತ್ರ ಬೆಳಕು ಕೂಡಿಹಾಕಿ, ಅದನ್ನು ಚೆಲ್ಲಿ ಮತ್ತೆ ಶುರು ಮಾಡುತ್ತದೆ. ಕ್ಯಾಮೆರಾ ಗಂಟೆಗಟ್ಟಲೆ ಕೂಡಿಸುತ್ತದೆ. ಇನ್ನು ಬಣ್ಣ. ರಾಡ್‌ಗಳಿಗೆ ಬಣ್ಣ ಗೊತ್ತಿಲ್ಲ, ಬಣ್ಣ ತಿಳಿಯುವ ಕೋನ್‌ಗಳಿಗೆ ಈ ಮಂದ ಬೆಳಕು ಸಾಲದು. ಬೆಳದಿಂಗಳಲ್ಲಿ ದಾಸವಾಳ ಕಪ್ಪಾಗಿ ಕಾಣುವುದಿಲ್ಲವೇ, ಹಾಗೆ. ಬಣ್ಣ ಅಲ್ಲಿ ಇದೆ. ತಿರುಳು ಹಳದಿ, ಅಲ್ಲಿ ಹಳೆಯ ನಕ್ಷತ್ರಗಳು. ತೋಳು ನೀಲಿ. ತೋಳಿನ ಉದ್ದಕ್ಕೂ ಗುಲಾಬಿ ಚುಕ್ಕೆಗಳು, ಅವು ಹೊಸ ನಕ್ಷತ್ರಗಳ ಸುತ್ತ ಹೊಳೆಯುವ ಜಲಜನಕ. ಹಬಲ್ ಬಾಹ್ಯಾಕಾಶ ಟೆಲಿಸ್ಕೋಪಿನ 2005ರ ಚಿತ್ರದಲ್ಲಿ ಇದೆಲ್ಲಾ ಇದೆ. ಬೇರೆ ಬೇರೆ ಫಿಲ್ಟರಿನಲ್ಲಿ ಕಪ್ಪುಬಿಳುಪು ತೆಗೆದು, ಬಣ್ಣ ಕೊಟ್ಟು ಸೇರಿಸಿದ ಚಿತ್ರ ಅದು. ಬಣ್ಣವನ್ನು ಸ್ವಲ್ಪ ಎತ್ತಿ ತೋರಿಸಿದ್ದಾರೆ, ಕಟ್ಟಿ ಹೇಳಿಲ್ಲ. ಜೇಮ್ಸ್ ವೆಬ್ ಎಂಬ ಇನ್ನೊಂದು ಬಾಹ್ಯಾಕಾಶ ಟೆಲಿಸ್ಕೋಪಿನ ಚಿತ್ರಗಳು ಬೇರೆ ಜಾತಿ. ಅದು ನೋಡುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಅಲ್ಲಿನ ಬಣ್ಣ ನಮಗೆ ಅರ್ಥವಾಗಲಿ ಅಂತ ಹಾಕಿದ್ದು.

ಈಗ ಬಂದಿರುವ, ಒಳಗೇ ಕ್ಯಾಮೆರಾ ಇರುವ ಸ್ಮಾರ್ಟ್ ಟೆಲಿಸ್ಕೋಪ್‌ಗಳಲ್ಲಿ ತಾರಸಿ ಮೇಲಿಂದಲೇ ಹತ್ತಿಪ್ಪತ್ತು ನಿಮಿಷಕ್ಕೆ ಸುರುಳಿ ಮೊಬೈಲಿಗೆ ಬರುತ್ತದೆ. ಮಗಳು ಕೇಳಬಹುದು. ಕೆಟ್ಟದ್ದೇನಲ್ಲ, ನಾನೂ ಸ್ನೇಹಿತರದ್ದರಲ್ಲಿ ನೋಡಿ ಖುಷಿಪಟ್ಟಿದ್ದೇನೆ. ಆದರೆ ಈಗಲೇ ಬೇಡ. ಮೊದಲು ಕಣ್ಣು ಪಳಗಲಿ. ಅಷ್ಟರಲ್ಲಿ ಮಳೆಗಾಲ ಬಂದರೆ ನಿರಾಸೆ ಬೇಡ. ಅಕ್ಟೋಬರ್ ನವೆಂಬರ್‌ಗೆ ದೇವಯಾನಿ ಗೆಲಾಕ್ಸಿ ಬರುತ್ತದೆ, ಎಂ 31. 25 ಲಕ್ಷ ಜ್ಯೋತಿರ್ವರ್ಷ ದೂರ, ಕತ್ತಲ ಊರಿನಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಅದೂ ಸುರುಳಿಯೇ. ಆದರೆ ನಮ್ಮ ಕಡೆಗೆ ಓರೆಯಾಗಿ ಮಲಗಿದೆ, ತಟ್ಟೆಯನ್ನು ಅಂಚಿನ ಕಡೆಯಿಂದ ನೋಡಿದ ಹಾಗೆ. ಸುರುಳಿ ನೋಡಲು ಎಂ 51ನ್ನೇ ನೆಚ್ಚಿಕೊಳ್ಳಿ, ಅದು ನಮಗೆ ಮುಖ ಕೊಟ್ಟು ನಿಂತಿದೆ.

ಹೊಲಕ್ಕೆ ಹೋಗುವಾಗ ಒಂದು ಡ್ರಾಯಿಂಗ್ ಪುಸ್ತಕ, ಮೆತ್ತಗಿನ ಪೆನ್ಸಿಲ್, ರಬ್ಬರ್ ಇಟ್ಟುಕೊಳ್ಳಿ. ಮಗಳಿಗೆ ಹೇಳಿ, ಮೊದಲು ಸುತ್ತಲಿನ ನಕ್ಷತ್ರದ ಚುಕ್ಕಿಗಳನ್ನು ಇಡಲಿ, ಆಮೇಲೆ ಎರಡು ತಿರುಳು, ಆಮೇಲೆ ಬೆರಳಿನಿಂದ ಉಜ್ಜಿ ಹೊಗೆ. ಎಲ್ಲಿ ದಟ್ಟ, ಎಲ್ಲಿ ತೆಳು ಅಂತ ಕೈ ಕೇಳಿದಾಗ ಕಣ್ಣು ಮತ್ತೆ ಐಪೀಸಿಗೆ ಹೋಗಲೇಬೇಕಾಗುತ್ತದೆ. ಫೋಟೋದಲ್ಲಿ ನೋಡಿದ್ದನ್ನು ಬರೆಯುವ ಹಾಗಿಲ್ಲ, ಕಂಡಷ್ಟೇ. ಬಳೆ ಕಂಡರೆ ಬಳೆ. ಮೂಲೆಯಲ್ಲಿ ತಾರೀಖು, ಹೊತ್ತು, ಯಾವ ಐಪೀಸ್ ಅಂತ ಬರೆಯಲಿ. ಡಾಬ್ಸೋನಿಯನ್‌ನಲ್ಲಿ ಎಲ್ಲಾ ತಲೆಕೆಳಗಾಗಿ ಕಾಣುತ್ತದೆ, ಅದನ್ನು ತಿದ್ದಲು ಹೋಗಬೇಡಿ. ಚಿತ್ರವನ್ನು ನನಗೂ ಕಳಿಸಿ, ಪುಸ್ತಕ ತಿರುಗಿಸಿಕೊಂಡು ನೋಡುತ್ತೇನೆ.